ಕಳಸದ ಪ್ರವಾಸಿಗರನ್ನು ಅಬ್ಬಿಯ ನೀರಿನಿಂದ ಎಣಿಸಬೇಕು

ಕುದುರೆಮುಖದ ತಪ್ಪಲಿನ ಕಳಸ, ಸಂಸೆ ಸೀಮೆಯ ಜನ ಎರಡು ದಶಕಗಳಲ್ಲಿ ಒಂದರ ಮೇಲೊಂದು ಪೆಟ್ಟು ತಿಂದವರು. ಸುಪ್ರೀಂ ಕೋರ್ಟ್ ಆದೇಶದಂತೆ 2005ರ ಕೊನೆಗೆ ಕಬ್ಬಿಣದ ಅದಿರಿನ ಗಣಿಗಾರಿಕೆ ನಿಂತಿತು, ಅದನ್ನು ನೆಚ್ಚಿದ್ದ ಸಂಬಳ ಮತ್ತು ವ್ಯಾಪಾರವೂ ನಿಂತವು. ನಕ್ಸಲ್ ಚಟುವಟಿಕೆ ಮತ್ತು ಪೊಲೀಸ್ ಕಾರ್ಯಾಚರಣೆಗಳ ನಡುವೆ ಕಾಡಂಚಿನ ಮಲೆಕುಡಿಯ, ಗೌಡಲು ಬುಡಕಟ್ಟು ಕುಟುಂಬಗಳು ಎರಡೂ ಕಡೆಯ ಅನುಮಾನವನ್ನು ಹೊತ್ತು ಬದುಕಿದವು. 2019ರ ಆಗಸ್ಟ್ ಮಳೆಗೆ ಗುಡ್ಡಗಳು ಜರಿದವು. 2025ರ ಆರಂಭದಲ್ಲಿ ಉಳಿದ ನಕ್ಸಲರೂ ಶರಣಾದ ಮೇಲೆ, ಈ ಸೀಮೆಯನ್ನು ಪ್ರವಾಸೋದ್ಯಮಕ್ಕೆ ತೆರೆಯಬೇಕೆಂಬ ಮಾತು ಜೋರಾಗಿದೆ.

ಹೋಂಸ್ಟೇ ಮತ್ತು ಸಣ್ಣ ಪ್ರವಾಸಿ ಯೋಜನೆಗಳಿಗೆ ಸಲಹೆ ನೀಡುವುದು ನನ್ನ ವೃತ್ತಿ. ಬಂದವರು ಮೊದಲು ಕೇಳುವುದು ಎಷ್ಟು ಕೋಣೆ ಕಟ್ಟಬಹುದು ಎಂದು. ಮಾರ್ಚ್ ಕೊನೆಯಲ್ಲಿ ನಿಮ್ಮ ಅಬ್ಬಿಯಲ್ಲಿ, ಅಂದರೆ ಗುಡ್ಡದಿಂದ ಮನೆಗೆ ಹರಿದು ಬರುವ ಒರತೆಯಲ್ಲಿ, ಎಷ್ಟು ನೀರು ಬರುತ್ತದೆ ಎಂದು ನಾನು ಕೇಳುತ್ತೇನೆ. ವರ್ಷಕ್ಕೆ ಇಷ್ಟು ಮಳೆ ಸುರಿಯುವ ಊರಿನಲ್ಲಿ ನೀರಿನ ಲೆಕ್ಕವೇ ಎಂದು ಹಲವರಿಗೆ ಆಶ್ಚರ್ಯವಾಗುತ್ತದೆ. ಆದರೆ ಮಾರ್ಚ್ ಮತ್ತು ಏಪ್ರಿಲ್‌ನಲ್ಲಿ ಹಳ್ಳ ಸೊರಗುತ್ತದೆ, ಕಾಫಿ ಹೂ ಅರಳಿಸುವ ಹೂಮಳೆ ತಡವಾದರೆ ಕಾಫಿ ತೋಟದ ಸ್ಪ್ರಿಂಕ್ಲರ್‌ಗಳೂ ಅದೇ ಹಳ್ಳಕ್ಕೆ ಬಾಯಿ ಇಡುತ್ತವೆ, ಬೇಸಿಗೆ ರಜೆಯ ಪ್ರವಾಸಿಗರು ಬರುವುದೂ ಆಗಲೇ.

ಲೆಕ್ಕ ಕಷ್ಟದ್ದಲ್ಲ. 20 ಲೀಟರ್ ಬಕೆಟ್ ಹಿಡಿದು ಗಡಿಯಾರ ನೋಡಿದರೆ ಸಾಕು. ಅದು ತುಂಬಲು ಐದು ನಿಮಿಷ ಬೇಕಾದರೆ ಆ ಅಬ್ಬಿ ದಿನಕ್ಕೆ 5,760 ಲೀಟರ್ ಕೊಡುತ್ತದೆ. ಜಲಜೀವನ್ ಯೋಜನೆ ಹಳ್ಳಿಯ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಎಣಿಸಿದರೆ, ಕಟ್ಟಡ ನಿರ್ಮಾಣದ ಭಾರತೀಯ ಮಾನಕವು ಹೋಟೆಲಿನ ಒಂದು ಹಾಸಿಗೆಗೆ 180 ಲೀಟರ್ ಎನ್ನುತ್ತದೆ. ಐದು ಕೋಣೆ, ಹತ್ತು ಹಾಸಿಗೆಯ ಹೋಂಸ್ಟೇಗೆ 1,800 ಲೀಟರ್ ಆಯಿತು; ಅಂದರೆ ಹಳ್ಳಿಯ ಸುಮಾರು 33 ಜನರ ಪಾಲು. ಒಂದೇ ಮನೆಯಾದರೆ ಅಬ್ಬಿ ತಾಳಿಕೊಳ್ಳುತ್ತದೆ. ಅದೇ ನೀರನ್ನು ನೆಚ್ಚಿದ ನಾಲ್ಕು ಮನೆಗಳೂ ಐದೈದು ಕೋಣೆ ಕಟ್ಟಿದರೆ ಅತಿಥಿಗಳಿಗೇ 7,200 ಲೀಟರ್ ಬೇಕು. ಮನೆಯವರಿಗೆ, ದನಕರುಗಳಿಗೆ, ಕೆಳಗಿನ ಗದ್ದೆಗೆ ಹನಿಯೂ ಉಳಿಯುವುದಿಲ್ಲ. ಪರವಾನಗಿಯನ್ನು ನಾವು ಮನೆಯೊಂದೊಂದಕ್ಕೆ ಕೊಡುತ್ತೇವೆ, ನೀರು ಮಾತ್ರ ಹಳ್ಳಕ್ಕೊಂದೇ ಇರುತ್ತದೆ. ನಾನು ಕಂಡ ಎಡವಟ್ಟುಗಳಲ್ಲಿ ಹೆಚ್ಚಿನವು ಇಲ್ಲಿಂದಲೇ ಶುರುವಾದವು. ಮೇಲಿನ ಮನೆಯ ಶೌಚಾಲಯದ ಇಂಗುಗುಂಡಿ ಕೆಳಗಿನ ಮನೆಯ ಕುಡಿಯುವ ನೀರಿಗೆ ಸೇರುವ ತೊಂದರೆಯೂ ಇದೇ ಬಗೆಯದು.

ಮಿತಿಯನ್ನು ಜನ ನುಗ್ಗಿದ ಮೇಲೆ ಹೇರುವುದು ಬಲು ಕಷ್ಟ. ಮುಳ್ಳಯ್ಯನಗಿರಿಯಲ್ಲಿ ವಾರಾಂತ್ಯದ ವಾಹನಗಳ ಸಾಲು ವರ್ಷಗಟ್ಟಲೆ ಬೆಳೆದ ಮೇಲಷ್ಟೇ, 2025ರ ಸೆಪ್ಟೆಂಬರ್‌ನಿಂದ ಮುಂಗಡ ನೋಂದಣಿ ಕಡ್ಡಾಯವಾಯಿತು. ಕುದುರೆಮುಖದ ಚಾರಣಕ್ಕೆ ಅರಣ್ಯ ಇಲಾಖೆಯ ಆನ್‌ಲೈನ್ ಬುಕಿಂಗ್ ಇರುವುದು ಒಳ್ಳೆಯದೇ. ಬೆಟ್ಟದ ಮಡಿಲುಗಳಲ್ಲಿ ಬೆಳೆಯುವ ಶೋಲಾ ಕಾಡಿನ ಸುತ್ತಲ ಹುಲ್ಲುಗಾವಲಿನಲ್ಲಿ ಕಾಲ್ತುಳಿತಕ್ಕೆ ಮಣ್ಣು ಗಟ್ಟಿಯಾದರೆ ನೀರು ಇಂಗದೆ ಹರಿಯುತ್ತದೆ, ಒಂದೆರಡು ಮಳೆಗಾಲದಲ್ಲಿ ಕಾಲುದಾರಿಯೇ ಕೊರಕಲಾಗುತ್ತದೆ. ಹೊಸ ಹೋಂಸ್ಟೇಗಾಗಿ ಗುಡ್ಡ ಕಡಿಯುವ ಮೊದಲು, ಕುದುರೆಮುಖ ಪಟ್ಟಣದಲ್ಲಿ ಗಣಿ ಮುಚ್ಚಿದಾಗಿನಿಂದ ಖಾಲಿ ಬಿದ್ದಿರುವ ಕಟ್ಟಡಗಳಲ್ಲಿ ಗಟ್ಟಿಯಾಗಿ ಉಳಿದವನ್ನು ಬಳಸಲು ಸಾಧ್ಯವೇ ಎಂದು ನೋಡಬೇಕು. ಅಲ್ಲಿನ ಕಾನೂನಿನ ಗಂಟುಗಳನ್ನು ಬಿಡಿಸಬೇಕಾದದ್ದು ಸರ್ಕಾರ.

ಹಣದ ಹರಿವನ್ನೂ ನೋಡಬೇಕು. ಗಣಿಯ ಕಾಲದಲ್ಲಿ ಅದಿರು ನೀರಿನಲ್ಲಿ ಕದಡಿ 67 ಕಿ.ಮೀ. ಉದ್ದದ ಕೊಳವೆಯಲ್ಲಿ ಮಂಗಳೂರಿಗೆ ಹೋಯಿತು, ಅದಿರು ಬೇರ್ಪಡಿಸಿ ಉಳಿದ ಹೂಳು ಲಕ್ಯಾ ಅಣೆಕಟ್ಟಿನ ಹಿಂದೆ ಇಲ್ಲಿಯೇ ಉಳಿಯಿತು. ಹೊರಗಿನವರು ಮನೆಯನ್ನು ಲೀಸಿಗೆ ಪಡೆದು ನಡೆಸುವ ಹೋಂಸ್ಟೇಯಲ್ಲೂ ಆಗುವುದು ಹೀಗೆಯೇ: ಬಾಡಿಗೆ ಬೆಂಗಳೂರಿಗೆ, ಕಸ ಹಳ್ಳಕ್ಕೆ. ಮಾಲೀಕರು ಅದೇ ಮನೆಯಲ್ಲಿ ವಾಸವಿರಬೇಕೆಂಬ ನಿಯಮವನ್ನು ಕಾಗದದಲ್ಲಿ ಬಿಡದೆ ಜಾರಿಗೆ ತರಬೇಕು. ಜೀಪು ಚಾಲಕರು, ದಾರಿ ತೋರುವವರು, ಅಕ್ಕಿರೊಟ್ಟಿ ಪತ್ರೊಡೆ ಮಾಡುವ ಅಮ್ಮಂದಿರು ಊರಿನವರೇ ಆಗಬೇಕು.

ಇನ್ನೊಂದು ಮಾತನ್ನು ಒತ್ತಿ ಹೇಳುತ್ತೇನೆ. ಎನ್‌ಕೌಂಟರ್ ನಡೆದ ಜಾಗಗಳನ್ನು ತೋರಿಸಿ ಎಂದು ಕೇಳುವ ಪ್ರವಾಸಿಗರಿದ್ದಾರೆ, ಅದನ್ನೇ ಮಾರಾಟದ ಸರಕು ಮಾಡಲು ಹೊರಟವರೂ ಇದ್ದಾರೆ. ನಾನು ಒಪ್ಪುವುದಿಲ್ಲ. ಅಲ್ಲಿ ಸತ್ತವರ ಮತ್ತು ವಿಚಾರಣೆಗೆಂದು ಠಾಣೆಗೆ ಅಲೆದವರ ಬಂಧುಗಳು ಇಂದಿಗೂ ಅದೇ ಊರುಗಳಲ್ಲಿದ್ದಾರೆ. ಏನು ಹೇಳಬೇಕು, ಏನು ಹೇಳಬಾರದು ಎಂಬುದನ್ನು ಆ ಮನೆಯವರೇ ನಿರ್ಧರಿಸಲಿ.

ಸಂಸೆ ಕಡೆಯ ಒಂದು ಅಬ್ಬಿಯ ನಾಲ್ಕು ಕುಟುಂಬಗಳನ್ನು ಒಂದೇ ಜಗಲಿಯಲ್ಲಿ ಕೂರಿಸಲು ನನಗೆ ಎರಡು ವರ್ಷ ಹಿಡಿಯಿತು. ಕೊನೆಗೆ ಮೂರು ಮನೆಗಳಲ್ಲಿ ಎರಡೆರಡು ಕೋಣೆ, ನಾಲ್ಕನೆಯ ಮನೆಗೆ ಎಲ್ಲ ಅತಿಥಿಗಳ ಊಟ ಮತ್ತು ಜೀಪಿನ ಬಾಡಿಗೆ ಎಂದು ಒಪ್ಪಂದವಾಯಿತು. ಪ್ರತಿ ಮಾರ್ಚ್ ಕೊನೆಗೆ ನಾಲ್ಕೂ ಮನೆಯವರು ಸೇರಿ ಬಕೆಟ್ ಹಿಡಿಯುತ್ತಾರೆ. ಒಂದು ವರ್ಷ ಅದು ತುಂಬಲು ಎಂಟು ನಿಮಿಷ ಹಿಡಿದಾಗ, ನನ್ನನ್ನು ಕೇಳುವ ಮೊದಲೇ ಏಪ್ರಿಲ್‌ನ ಬುಕಿಂಗನ್ನು ಅರ್ಧಕ್ಕೆ ಇಳಿಸಿದ್ದರು.