ಯುದ್ಧಕ್ಕೆ ಎರಡು ದಿನ ಮೊದಲು ಬರೆದ ಪತ್ರ

2003ರಲ್ಲಿ ಅಮೆರಿಕ, ಬ್ರಿಟನ್ ಸೇರಿ ನಡೆಸಿದ ಇರಾಕ್ ಯುದ್ಧದ ಮಾತು ಬಂದಾಗಲೆಲ್ಲ "ಇರಾಕ್ ಬಳಿ ಸಮೂಹ ನಾಶಕ ಅಸ್ತ್ರವಿದೆ ಎಂಬ ಗುಪ್ತಚರ ಮಾಹಿತಿ ತಪ್ಪಾಗಿತ್ತು, ಆಗ ಯಾರಿಗೆ ಗೊತ್ತಿತ್ತು?" ಎನ್ನುವವರು ಇವತ್ತಿಗೂ ಇದ್ದಾರೆ. ಬ್ರಿಟನ್ನಿನಲ್ಲಿ ಒಂದರ ಹಿಂದೆ ಒಂದು ವಿಚಾರಣೆ ನಡೆದು, ವರದಿಗಳು ರಾಶಿ ಬಿದ್ದು, ಯಾರು ಯಾವಾಗ ಏನು ಹೇಳಿದ್ದರು ಎಂಬುದೇ ಕಲಸುಮೇಲೋಗರವಾಗಿದೆ. ತಾರೀಖು ಹಿಡಿದು ಹೋದರೆ ಮಾತ್ರ ಗಂಟು ಬಿಚ್ಚುತ್ತದೆ. ಒಳಗಿದ್ದವರು ಮಾತು ಆಡಿದ ದಿನ ಯಾವುದು, ಅದು ಜನರ ಕಿವಿಗೆ ಬಿದ್ದ ದಿನ ಯಾವುದು ಎಂದು ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಬೇಕು.

ಈ ಅಂತರ ಹಳೆಯದು. 1956ರಲ್ಲಿ ಸೂಯೆಜ್ ಕಾಲುವೆಗಾಗಿ ಈಜಿಪ್ಟಿನ ಮೇಲೆ ಬ್ರಿಟನ್ ನಡೆಸಿದ ದಾಳಿಯನ್ನು ಒಪ್ಪದೆ ಅಲ್ಲಿನ ವಿದೇಶಾಂಗ ಇಲಾಖೆಯ ಸಚಿವ ಆಂಟನಿ ನಟಿಂಗ್ ರಾಜೀನಾಮೆ ಕೊಟ್ಟರು. ಇಸ್ರೇಲ್ ಜತೆಗಿನ ಒಳ ಒಪ್ಪಂದದ ಕಥೆಯನ್ನು ಅವರು ಬಾಯಿಬಿಟ್ಟಿದ್ದು 1967ರಲ್ಲಿ. ವಿಯೆಟ್ನಾಂ ವಿಷಯದಲ್ಲಿ ಅಮೆರಿಕ ಸರ್ಕಾರ ತನ್ನ ಕಡತಗಳಲ್ಲಿ ಬರೆದುಕೊಂಡದ್ದು ಆ ಕಡತಗಳನ್ನು ಹೊರಗೆ ಕೊಟ್ಟ ರಕ್ಷಣಾ ವಿಶ್ಲೇಷಕ ಡೇನಿಯಲ್ ಎಲ್ಸ್‌ಬರ್ಗ್ ಅವರಿಂದಾಗಿ 1971ರಲ್ಲಿ ಪತ್ರಿಕೆಗೆ ಬಂತು.

ಇನ್ನು ಇರಾಕ್. 2002ರ ಜುಲೈ 23ರಂದು ಲಂಡನ್ನಿನಲ್ಲಿ ಪ್ರಧಾನಿಯ ಸಭೆ. ವಾಷಿಂಗ್ಟನ್ನಿನಿಂದ ಆಗಷ್ಟೇ ಮರಳಿದ್ದ ಗುಪ್ತಚರ ಮುಖ್ಯಸ್ಥರು, ಅಲ್ಲಿ ನೀತಿ ಮೊದಲೇ ತೀರ್ಮಾನವಾಗಿದೆ, ಮಾಹಿತಿಯನ್ನು ಅದಕ್ಕೆ ಹೊಂದಿಸಲಾಗುತ್ತಿದೆ ಎಂಬರ್ಥದ ಮಾತು ಹೇಳಿದರು. ಅದು ಸಭೆಯ ಟಿಪ್ಪಣಿಯಲ್ಲಿ ದಾಖಲಾಯಿತು. ಆ ಟಿಪ್ಪಣಿ ಪತ್ರಿಕೆಯಲ್ಲಿ ಅಚ್ಚಾದದ್ದು 2005ರ ಮೇ ತಿಂಗಳಲ್ಲಿ. ನಡುವೆ, 2002ರ ಸೆಪ್ಟೆಂಬರ್ 24ರಂದು, 45 ನಿಮಿಷದಲ್ಲಿ ಇರಾಕ್ ತನ್ನ ಅಸ್ತ್ರಗಳನ್ನು ಸಜ್ಜುಗೊಳಿಸಬಲ್ಲದು ಎಂಬ ಸರ್ಕಾರಿ ದಸ್ತಾವೇಜು ಮಾತ್ರ ಕೂಡಲೇ ಜನರ ಕೈಗೆ ಬಂದಿತ್ತು.

2003ರ ಮಾರ್ಚ್ 17ರ ರಾತ್ರಿ ಸಂಪುಟದ ಹಿರಿಯ ಸದಸ್ಯ ರಾಬಿನ್ ಕುಕ್ ರಾಜೀನಾಮೆ ಕೊಟ್ಟು, ಸಂಸತ್ತಿನಲ್ಲಿ ಮಂತ್ರಿಗಳಲ್ಲದವರು ಕೂರುವ ಹಿಂದಿನ ಬೆಂಚಿನಿಂದ ಮಾತನಾಡಿದರು. ನಾಲ್ಕು ವರ್ಷ ವಿದೇಶಾಂಗ ಮಂತ್ರಿಯಾಗಿದ್ದವರು. ಸಾಮಾನ್ಯ ಅರ್ಥದಲ್ಲಿ ಸಮೂಹ ನಾಶಕ ಅಸ್ತ್ರ ಎಂದು ಕರೆಯುವಂಥದ್ದು ಇರಾಕ್ ಬಳಿ ಬಹುಶಃ ಇಲ್ಲವೆಂದು ಬಿಡಿಸಿ ಹೇಳಿದರು. ಚಪ್ಪಾಳೆ ತಟ್ಟುವ ರೂಢಿಯೇ ಇಲ್ಲದ ಆ ಸದನದಲ್ಲಿ ಕೆಲವರು ಎದ್ದು ನಿಂತು ಚಪ್ಪಾಳೆ ತಟ್ಟಿದರು. ಮರುದಿನ 412–149 ಮತಗಳಿಂದ ಯುದ್ಧಕ್ಕೆ ಒಪ್ಪಿಗೆ ಸಿಕ್ಕಿತು.

ಅದೇ ಮಾರ್ಚ್ 18ರಂದು ವಿದೇಶಾಂಗ ಇಲಾಖೆಯ ಉಪ ಕಾನೂನು ಸಲಹೆಗಾರ್ತಿ ಎಲಿಜಬೆತ್ ವಿಲ್ಮ್ಸ್‌ಹರ್ಸ್ಟ್ ಒಂದು ಪುಟ್ಟ ಪತ್ರ ಬರೆದರು. ವಿಶ್ವಸಂಸ್ಥೆಯ ಭದ್ರತಾ ಮಂಡಳಿ ಯುದ್ಧಕ್ಕೆ ಒಪ್ಪಿಗೆ ಕೊಡುವ ಎರಡನೇ ನಿರ್ಣಯವಿಲ್ಲದೆ ಬಲಪ್ರಯೋಗ ಕಾನೂನುಬದ್ಧ ಎನ್ನುವುದನ್ನು ಒಪ್ಪಲಾರೆ, ಇಂಥ ಯುದ್ಧ ಆಕ್ರಮಣದ ಅಪರಾಧವೇ ಆಗುತ್ತದೆ ಎಂದರು. ಸುಮಾರು ಮೂವತ್ತು ವರ್ಷದ ನೌಕರಿ ಬಿಟ್ಟು ನಡೆದರು. ಎರಡು ವರ್ಷದ ನಂತರ ಮಾಹಿತಿ ಹಕ್ಕು ಕಾಯ್ದೆಯಡಿ ಪತ್ರ ಹೊರಬಂದಾಗ ನಡುವಿನ ಒಂದು ಭಾಗವೇ ಇರಲಿಲ್ಲ. ತೆಗೆದಿದ್ದ ಆ ಸಾಲುಗಳು ಟೀವಿ ವಾಹಿನಿಯೊಂದಕ್ಕೆ ಸಿಕ್ಕವು. ಸರ್ಕಾರದ ಮುಖ್ಯ ಕಾನೂನು ಸಲಹೆಗಾರರಾದ ಅಟಾರ್ನಿ ಜನರಲ್ ಅವರ ಅಭಿಪ್ರಾಯವೂ ಮೊದಲು ತಮ್ಮಂತೆಯೇ ಇದ್ದಂತೆ ತೋರಿತ್ತು, ಮಾರ್ಚ್ 7ರ ಪತ್ರದಲ್ಲಿ ಬದಲಾಯಿತು, ಆಮೇಲೆ ಮತ್ತೆ ಬದಲಾಗಿ ಈಗಿನ ಅಧಿಕೃತ ನಿಲುವಾಯಿತು ಎಂದು ಅಲ್ಲಿ ಬರೆದಿತ್ತು. ಹತ್ತು ದಿನದಲ್ಲಿ ಕಾನೂನು ಹೀಗೆ ಹೊರಳಿತ್ತು. ಸಂಸದರು ಮತ ಹಾಕುವಾಗ ಅವರ ಕೈಯಲ್ಲಿದ್ದದ್ದು ಅಟಾರ್ನಿ ಜನರಲ್ ಕೊಟ್ಟ ಕೊನೆಯ, ಚುಟುಕಾದ ಉತ್ತರ ಮಾತ್ರ.

2010ರ ಜನವರಿಯಲ್ಲಿ ಇರಾಕ್ ಯುದ್ಧದ ಬಗ್ಗೆ ಬ್ರಿಟನ್ ನೇಮಿಸಿದ್ದ ಚಿಲ್‌ಕಾಟ್ ವಿಚಾರಣಾ ಸಮಿತಿಯ ಮುಂದೆ ವಿಲ್ಮ್ಸ್‌ಹರ್ಸ್ಟ್ ಅವರನ್ನು ಕೇಳಿದರು: ಆಗಿನ ವಿದೇಶಾಂಗ ಮಂತ್ರಿಯೂ ವಕೀಲರೇ ಅಲ್ಲವೆ? "ಅವರು ಅಂತರರಾಷ್ಟ್ರೀಯ ಕಾನೂನಿನ ವಕೀಲರಲ್ಲ" ಎಂದಷ್ಟೇ ಹೇಳಿದರು.

(2003ರಲ್ಲಿ ಇರಾಕಿಗೆ ಸೈನ್ಯ ಕಳಿಸಿ ಎಂದು ಅಮೆರಿಕ ಕೇಳಿದಾಗ ದೆಹಲಿ ಎತ್ತಿದ್ದೂ ಅದೇ ಪ್ರಶ್ನೆ: ವಿಶ್ವಸಂಸ್ಥೆಯ ಆದೇಶ ಎಲ್ಲಿ? ನಮ್ಮ ಸೈನಿಕರು ಹೋಗಲಿಲ್ಲ.)

ಚಿಲ್‌ಕಾಟ್ ವರದಿ 2016ರ ಜುಲೈ 6ರಂದು ಬಂತು. 12 ಸಂಪುಟ, 26 ಲಕ್ಷ ಪದ. ಶಾಂತಿಯ ದಾರಿಗಳೆಲ್ಲ ಮುಗಿಯುವ ಮೊದಲೇ ಯುದ್ಧಕ್ಕೆ ಇಳಿಯಲಾಯಿತು ಎಂದಿತು. ಕುಕ್ ಅದನ್ನು 13 ವರ್ಷ ಮೊದಲೇ ಹೇಳಿದ್ದರು. ಅಷ್ಟರಲ್ಲಿ 179 ಬ್ರಿಟಿಷ್ ಯೋಧರೂ ಎಣಿಕೆಗೂ ಸರಿಯಾಗಿ ಸಿಗದಷ್ಟು ಇರಾಕಿಗಳೂ ಸತ್ತಿದ್ದರು.

ಕುಕ್ 2005ರಲ್ಲೇ ತೀರಿಕೊಂಡರು. ಯುದ್ಧ ತಡೆಯಲು ಆಗದಿದ್ದರೂ, ಯುದ್ಧದ ಬಗ್ಗೆ ತೀರ್ಮಾನಿಸುವ ಹಕ್ಕನ್ನು ಸಂಸತ್ತಿಗೆ ದೊರಕಿಸಿದೆ ಎಂಬ ಅವರ ಮಾತನ್ನು ಎಡಿನ್‌ಬರೊದಲ್ಲಿ ಅವರ ಸಮಾಧಿಯ ಕಲ್ಲಿನ ಮೇಲೆ ಕೆತ್ತಿದ್ದಾರೆ. 2013ರಲ್ಲಿ ಸಿರಿಯಾ ಮೇಲಿನ ದಾಳಿಯನ್ನು ಸಂಸತ್ತು 285–272 ಮತಗಳಿಂದ ತಡೆಯಿತು. 2018ರ ಏಪ್ರಿಲ್‌ನಲ್ಲಿ ಸಿರಿಯಾ ಮೇಲೆ ಕ್ಷಿಪಣಿ ಹಾರಿಸುವ ಮುನ್ನ ಸಂಸತ್ತನ್ನು ಕೇಳಲಿಲ್ಲ; ಕೇಳಲೇಬೇಕು ಎಂಬ ಕಾನೂನು ಅಲ್ಲಿ ಬಂದಿರಲಿಲ್ಲ.