ಬಾಗಿದ ಕಂಬ ನೆಟ್ಟಗಾಗುವುದು ಹೇಗೆ: ಲೆನ್ಸ್ ಡಿಸ್ಟಾರ್ಷನ್ ಟಿಪ್ಪಣಿ

ಚಿತ್ರ ಸೊಟ್ಟಗೆ ಕಂಡರೆ ಮೊದಲು ಸ್ಕ್ರೀನ್ ಮೇಲೆ ಒಂದು ವೃತ್ತ ಬರೆದು ನೋಡಿ. ಮೊಟ್ಟೆ ಥರ ಕಂಡರೆ ಆಸ್ಪೆಕ್ಟ್ ರೇಶಿಯೋ (ಅಗಲ-ಎತ್ತರದ ಅನುಪಾತ) ತಪ್ಪಿದೆ. 4:3 ಚಿತ್ರವನ್ನು 16:9 ಪರದೆಗೆ ಎಳೆದರೆ ಅಗಲ 1.33 ಪಟ್ಟು ಹಿಗ್ಗುತ್ತದೆ. ಪ್ರೊಜೆಕ್ಟರ್ ಓರೆಯಾಗಿದ್ದರೆ ಚೌಕ ಒಂದು ಕಡೆ ಅಗಲ, ಒಂದು ಕಡೆ ಕಿರಿದು, ಅದು ಕೀಸ್ಟೋನ್. ಎರಡರಲ್ಲೂ ನೇರ ಗೆರೆ ನೇರವಾಗಿಯೇ ಉಳಿಯುತ್ತದೆ. ಗೆರೆಯೇ ಬಾಗಿದ್ದರೆ ಲೆನ್ಸ್ ಕಡೆ ನೋಡಬೇಕು, ಅದೇ ಲೆನ್ಸ್ ಡಿಸ್ಟಾರ್ಷನ್.

ನಾನು ಕಲಿತದ್ದು ವಿಧಾನಸೌಧದ ಮುಂದೆ ವೈಡ್ ಲೆನ್ಸ್‌ನಲ್ಲಿ ತೆಗೆದ ಫೋಟೋದಿಂದ. ನಡುವಿನ ಕಂಬ ನೆಟ್ಟಗಿತ್ತು, ಅಂಚಿನವು ಹೊರಕ್ಕೆ ಉಬ್ಬಿದ್ದವು. ಇದು ಬ್ಯಾರೆಲ್. ಒಳಕ್ಕೆ ಬಾಗಿದ್ದರೆ ಪಿನ್‌ಕುಶನ್.

ಸೂತ್ರ ಚಿಕ್ಕದು. ಪಿಕ್ಸೆಲ್‌ನಿಂದ ನಡುಬಿಂದು ಕಳೆದು, ಫೋಕಲ್ ಲೆಂತ್‌ನಿಂದ (ಲೆನ್ಸ್‌ನ ನಾಭಿದೂರ, ಇಲ್ಲಿ ಪಿಕ್ಸೆಲ್ ಲೆಕ್ಕದಲ್ಲಿ) ಭಾಗಿಸಿ. ನಡುವಿನಿಂದ ಎಷ್ಟು ದೂರ ಅನ್ನುವುದು ಆರ್. ಆಮೇಲೆ (1 + ಕೆ1 × ಆರ್²) ಇಂದ ಗುಣಿಸಿ, ಫೋಕಲ್ ಲೆಂತ್‌ನಿಂದ ಮತ್ತೆ ಗುಣಿಸಿ ನಡುಬಿಂದು ಕೂಡಿಸಿ. ಕೆ1 ಅಂದರೆ ಲೆನ್ಸ್ ಎಷ್ಟು ಬಾಗಿಸುತ್ತದೆ ಅಂತ ಹೇಳುವ ಸಂಖ್ಯೆ. ಬ್ಯಾರೆಲ್‌ಗೆ ಕೆ1 ಋಣ ಸಂಖ್ಯೆ.

ಎರಡು ದಿನ ನಾನು ಸಿಕ್ಕಿಬಿದ್ದದ್ದು ಇಲ್ಲೇ. ಈ ಸೂತ್ರ ಕೆಟ್ಟ ಚಿತ್ರವನ್ನು ಸರಿ ಮಾಡುವುದಿಲ್ಲ. ಸರಿಯಾದ ಜಾಗ ಕೊಟ್ಟರೆ ಕೆಟ್ಟ ಚಿತ್ರದಲ್ಲಿ ಅದು ಎಲ್ಲಿದೆ ಅಂತ ಹೇಳುತ್ತದೆ! ನಾನು ಕೆಟ್ಟ ಚಿತ್ರದ ಪಿಕ್ಸೆಲ್‌ಗಳಿಗೇ ಹಾಕಿದೆ. ಕಂಬ ಇನ್ನೂ ಜಾಸ್ತಿ ಬಾಗಿತು. ಕೆ1ರ ಚಿಹ್ನೆ ತಿರುಗಿಸಿ ಪಿಕ್ಸೆಲ್‌ಗಳನ್ನು ಹೊಸ ಜಾಗಕ್ಕೆ ತಳ್ಳಿದರೆ ಕಂಬ ಸ್ವಲ್ಪ ನೆಟ್ಟಗಾಯಿತು, ಆದರೆ ಅಂಚಿನ ತುಂಬ ಕಪ್ಪು ಚುಕ್ಕೆ. ಯಾಕೆಂದರೆ ಅಂಚು ಹಿಗ್ಗುತ್ತದೆ, ತುಂಬಲು ಅಷ್ಟು ಪಿಕ್ಸೆಲ್ ಇರುವುದಿಲ್ಲ.

ಹಾಗಾಗಿ ಖಾಲಿ ಚಿತ್ರದಿಂದ ಶುರು ಮಾಡಿ. ನಡುಬಿಂದು 960, ಫೋಕಲ್ ಲೆಂತ್ 1000 ಪಿಕ್ಸೆಲ್, ಕೆ1 -0.2 ಅಂದುಕೊಳ್ಳಿ. ನಡುಸಾಲಿನಲ್ಲಿ 1460ನೇ ಪಿಕ್ಸೆಲ್ ತುಂಬಬೇಕು. ಆರ್ 0.5, ಅದರ ವರ್ಗ 0.25. ಗುಣಕ 1 - 0.05, ಅಂದರೆ 0.95. ನಡುವಿನಿಂದ ದೂರ 500ರ ಬದಲು 475, ಅದಕ್ಕೆ 960 ಕೂಡಿಸಿದರೆ 1435. ಹಳೆಯ ಚಿತ್ರದ 1435ರಲ್ಲಿರುವ ಬಣ್ಣವನ್ನು ತಂದು 1460ಕ್ಕೆ ಹಾಕಿ. ಹೀಗೆ ಪ್ರತಿ ಖಾಲಿ ಜಾಗವೂ ತನ್ನ ಬಣ್ಣ ತಾನೇ ಹುಡುಕಿಕೊಂಡು ಹೋಗುತ್ತದೆ. ತೂತು ಉಳಿಯುವ ಮಾತೇ ಇಲ್ಲ, ಅಲ್ವಾ? 1435.4 ಥರ ಬಂದರೆ ಸುತ್ತಲಿನ ನಾಲ್ಕು ಪಿಕ್ಸೆಲ್ ಬೆರೆಸಿ, ಅದೇ ಬೈಲೀನಿಯರ್. ಓಪನ್‌ಸಿವಿ ಅನ್ನುವ ಚಿತ್ರ ಸಂಸ್ಕರಣೆ ಲೈಬ್ರರಿಯ ರೀಮ್ಯಾಪ್ ಫಂಕ್ಷನ್ ಕೂಡ ಈ ದಿಕ್ಕಿನಲ್ಲೇ ಕೆಲಸ ಮಾಡುತ್ತದೆ.

ಕೆ1 ಬೆಲೆ ಸುಮ್ನೆ ಊಹಿಸಬೇಡಿ. ಚೆಸ್‌ಬೋರ್ಡ್ ಪ್ರಿಂಟ್ ತೆಗೆದು, ಗಟ್ಟಿ ರಟ್ಟಿಗೆ ಸಪಾಟಾಗಿ ಅಂಟಿಸಿ, ಬೇರೆ ಬೇರೆ ಕೋನದಿಂದ ಫೋಟೋ ತೆಗೆದು ಕ್ಯಾಲಿಬ್ರೇಟ್ ಮಾಡಿ, ಅಂದರೆ ಆ ಫೋಟೋಗಳಿಂದ ಕೆ1, ಫೋಕಲ್ ಲೆಂತ್, ನಡುಬಿಂದು ಲೆಕ್ಕ ಹಾಕಿಸಿ. ಬೋರ್ಡ್ ಫೋಟೋದ ಮೂಲೆಗಳಿಗೂ ಬರಲಿ, ಬಾಗು ಇರುವುದೇ ಅಲ್ಲಿ. ಆಮೇಲೆ ಚಿತ್ರವನ್ನು ಅರ್ಧಕ್ಕೆ ಇಳಿಸಿದರೆ ಫೋಕಲ್ ಲೆಂತ್ 500, ನಡುಬಿಂದು 480 ಆಗಬೇಕು. ಕೆ1 ಮಾತ್ರ ಹಾಗೇ ಇರುತ್ತದೆ.