ಮನೆಯಲ್ಲಿ ಲೋಡ್ ಮಾಡಿದ ಗುಂಡನ್ನೇ ಆತ್ಮರಕ್ಷಣೆಗೂ ಇಟ್ಟುಕೊಳ್ಳಬಹುದಾ?

ಓದುಗರ ಪ್ರಶ್ನೆ: ಅಮೆರಿಕದಲ್ಲಿದ್ದೇನೆ. ಕಾನೂನು ಪ್ರಕಾರವೇ ಮನೆಯಲ್ಲಿ ಪಿಸ್ತೂಲು ಇಟ್ಟುಕೊಂಡಿದ್ದೇನೆ. ಪ್ರಾಕ್ಟೀಸಿಗೆ ಬೇಕಾದ 9 ಎಂಎಂ ಗುಂಡುಗಳನ್ನು ನಾನೇ ಲೋಡ್ ಮಾಡುತ್ತೇನೆ, ಅಂದರೆ ಖಾಲಿ ಕೇಸಿಗೆ (ಗುಂಡಿನ ಲೋಹದ ಕವಚ) ಮದ್ದು ತುಂಬಿ, ಮುಂದೆ ಬುಲೆಟ್ ಕೂರಿಸಿ ತಯಾರಿಸುತ್ತೇನೆ. ಇಷ್ಟು ವರ್ಷದಲ್ಲಿ ಒಂದೂ ಕೈಕೊಟ್ಟಿಲ್ಲ. ಮನೆಯ ರಕ್ಷಣೆಗೂ ಅದನ್ನೇ ತುಂಬಿಟ್ಟರೆ ಏನು ತಪ್ಪು? ಫ್ಯಾಕ್ಟರಿ ಗುಂಡಿಗೆ ಸುಮ್ನೆ ಯಾಕೆ ದುಡ್ಡು ಸುರಿಯಬೇಕು?

ಫ್ಯಾಕ್ಟರಿ ಗುಂಡನ್ನೇ ತುಂಬಿಡಿ. ನಿಮ್ಮ ಕೈಕೆಲಸ ಕಡಿಮೆ ಅಂತಲ್ಲ. ನಾಳೆ ಏನಾದರೂ ನಡೆದುಹೋದರೆ, ಆ ಗುಂಡು ಎಂಥದ್ದಾಗಿತ್ತು ಎಂದು ನಿಮ್ಮನ್ನು ಬಿಟ್ಟು ಬೇರೆಯವರೂ ಹೇಳುವಂತಿರಬೇಕು. ಅದಕ್ಕೆ.

ಈ ವಿಷಯ ಬಂದಾಗ ಎಲ್ಲರೂ ಮೊದಲು ಹೇಳುವುದು ಬೇರೆ ಕಾರಣ. "ಅಂಗಡಿಯ ಗುಂಡು ಸಾಲದು ಅಂತ ಇವನು ಮನೆಯಲ್ಲೇ ಇನ್ನೂ ಜೋರಾದದ್ದನ್ನು ಮಾಡಿಕೊಂಡ" ಎಂದು ಸರ್ಕಾರಿ ವಕೀಲರು ಜ್ಯೂರಿ ಮುಂದೆ ಹೇಳುತ್ತಾರೆ ಅನ್ನುವ ಭಯ. ಹಾಗೆ ಹೇಳಬಹುದು, ನಿಜ. ಆದರೆ ಫ್ಯಾಕ್ಟರಿ ಗುಂಡು ಬಳಸಿದವರ ಮೇಲೂ ಇಂಥ ಮಾತು ಬಂದಿದೆ. 2004ರಲ್ಲಿ ಅರಿಜೋನದಲ್ಲಿ ನಡೆದ ಒಂದು ಪ್ರಕರಣದಲ್ಲಿ ಆರೋಪಿಯ 10 ಎಂಎಂ ಪಿಸ್ತೂಲು, ಅದರೊಳಗಿನ ಹಾಲೋ ಪಾಯಿಂಟ್ ಗುಂಡು (ತುದಿಯಲ್ಲಿ ಕುಳಿ ಇದ್ದು, ತಗುಲಿದಾಗ ಅರಳುವಂಥದ್ದು) ಎರಡೂ ವಿಚಾರಣೆಯಲ್ಲಿ ಚರ್ಚೆಗೆ ಬಂದವು. ಅಲ್ಲದೆ, ಮನೆಯಲ್ಲಿ ಲೋಡ್ ಮಾಡಿದ ಗುಂಡು ಬಳಸಿದ್ದೇ ಅಪರಾಧ ಆಗಿಬಿಡುವುದಿಲ್ಲ. ನಿಮಗೆ ನಿಜವಾಗಿ ಪ್ರಾಣಭಯ ಇತ್ತಾ, ಬೇರೆ ದಾರಿ ಇತ್ತಾ ಅನ್ನುವುದೇ ಮುಖ್ಯ. ಈ ಭಯವೊಂದನ್ನೇ ನಂಬಿಕೊಂಡು ನಿರ್ಧಾರ ಮಾಡಬೇಡಿ.

ನನಗೆ ಗಟ್ಟಿ ಅನ್ನಿಸುವ ಕಾರಣ ಸಾಕ್ಷ್ಯದ್ದು. ಗುಂಡು ಹಾರಿದಾಗ ಬುಲೆಟ್ ಜೊತೆ ಮಸಿ, ಉರಿಯದೆ ಉಳಿದ ಮದ್ದಿನ ಕಣಗಳು ನಳಿಗೆಯಿಂದ ಹೊರಬರುತ್ತವೆ. ಹತ್ತಿರದಲ್ಲಿದ್ದವರ ಬಟ್ಟೆಯ ಮೇಲೆ, ಚರ್ಮದ ಮೇಲೆ ಅವು ಕೂರುತ್ತವೆ. ದೂರ ಹೆಚ್ಚಾದ ಹಾಗೆ ಗುರುತು ಹರಡಿಕೊಂಡು ತೆಳುವಾಗುತ್ತದೆ, ಆಮೇಲೆ ಇಲ್ಲವೇ ಇಲ್ಲ. ಪ್ರಯೋಗಾಲಯದವರು ಅದೇ ಗನ್ನಿನಿಂದ, ಅದೇ ಥರದ ಗುಂಡಿನಿಂದ ಬೇರೆ ಬೇರೆ ದೂರದಲ್ಲಿ ಹಾರಿಸಿ ನೋಡಿ, ಎಷ್ಟು ದೂರದಿಂದ ಹೊಡೆದದ್ದು ಎಂದು ಅಂದಾಜು ಮಾಡುತ್ತಾರೆ. "ಅವನು ನನ್ನ ಮೈಮೇಲೆ ಬಿದ್ದಿದ್ದ" ಎಂದು ನೀವು ಹೇಳಿದರೆ ಅದನ್ನು ಎತ್ತಿಹಿಡಿಯುವುದೂ, ಬೀಳಿಸುವುದೂ ಈ ಪರೀಕ್ಷೆಯೇ.

"ಅದೇ ಥರದ ಗುಂಡು" ಎಲ್ಲಿಂದ ತರುವುದು? ಫ್ಯಾಕ್ಟರಿ ಡಬ್ಬಿಯ ಮೇಲೆ ಲಾಟ್ ನಂಬರ್ (ಒಟ್ಟಿಗೆ ತಯಾರಾದ ಗುಂಡುಗಳ ಗುಂಪಿನ ಸಂಖ್ಯೆ) ಇರುತ್ತದೆ. ಅದನ್ನು ಹಿಡಿದು ತಯಾರಕರನ್ನು ಕೇಳಬಹುದು, ಅದೇ ಗುಂಡಿನ ಇನ್ನೊಂದು ಡಬ್ಬಿ ತರಬಹುದು. ನಿಮ್ಮ ಗುಂಡಿಗಾದರೆ ನಿಮ್ಮ ನೋಟ್‌ಬುಕ್ಕೇ ಆಧಾರ. ಎಷ್ಟು ಗ್ರೇನ್ (ಮದ್ದು ತೂಗುವ ಅಳತೆ) ಮದ್ದು, ಯಾವ ಮದ್ದು ಎಂದು ನೀವು ನೀಟಾಗಿ ಬರೆದಿಟ್ಟಿರಬಹುದು. ಆದರೆ ಅದನ್ನು ಬರೆದವರು ಆರೋಪಿಯೇ ಅಲ್ವಾ? ಹಾರಿದ ಗುಂಡಿನಲ್ಲಿ ಇದ್ದದ್ದು ಅಷ್ಟೇ ಮದ್ದು ಎಂದು ಹೇಳಲು ಇನ್ನೊಬ್ಬರಿಲ್ಲ.

ಇದು ಬರೀ ಊಹೆ ಅಲ್ಲ. 1989ರಲ್ಲಿ ನ್ಯೂಜೆರ್ಸಿಯಲ್ಲಿ ಒಬ್ಬ ಮಹಿಳೆ ರಿವಾಲ್ವರ್ ಗುಂಡಿಗೆ ಸತ್ತರು. ಅವರೇ ಹಾರಿಸಿಕೊಂಡರು ಎಂದು ಗಂಡ ಹೇಳಿದ. ಹತ್ತಿರದಿಂದ ಹಾರಿದ್ದರೆ ಕಾಣಬೇಕಿದ್ದ ಮದ್ದಿನ ಗುರುತು ಕಾಣಲಿಲ್ಲ. ಗನ್ನಿನಲ್ಲಿದ್ದದ್ದು ಕಡಿಮೆ ಮದ್ದು ಹಾಕಿ ಮನೆಯಲ್ಲಿ ಲೋಡ್ ಮಾಡಿದ ಗುಂಡು ಎನ್ನುವುದು ಅವನ ಕಡೆಯ ವಾದ. ಪ್ರಯೋಗಾಲಯ ಪರೀಕ್ಷೆ ಮಾಡಿದ್ದು ಅದಕ್ಕಿಂತ ಜೋರಾದ ಗುಂಡಿನಿಂದ. ಹಲವು ಸಲ ವಿಚಾರಣೆ ನಡೆದು ಕೊನೆಗೆ ಅವನಿಗೆ ಶಿಕ್ಷೆಯಾಯಿತು. ಇದು ಆತ್ಮರಕ್ಷಣೆಯ ಪ್ರಕರಣ ಅಲ್ಲ, ಅದನ್ನು ಮರೆಯಬಾರದು. ಅವನು ನಿರಪರಾಧಿ ಎಂದೂ ನಾನು ಹೇಳುತ್ತಿಲ್ಲ. ಒಳಗಿದ್ದ ಗುಂಡು ಯಾವುದು ಅನ್ನುವುದೇ ಜಗಳದ ವಿಷಯ ಆದಾಗ ಪರಿಸ್ಥಿತಿ ಎಲ್ಲಿಗೆ ಹೋಗಬಹುದು ಎನ್ನುವುದು ಮಾತ್ರ ಅಲ್ಲಿ ಕಾಣುತ್ತದೆ.

ಇನ್ನು ನಂಬಿಕೆಯ ಮಾತು. ಒಂದು ಗುಂಡು ಹಾರುತ್ತದೋ ಇಲ್ಲವೋ ಎಂದು ತಿಳಿಯಲು ಅದನ್ನು ಹಾರಿಸಿಯೇ ನೋಡಬೇಕು. ಗನ್ನಿನಲ್ಲಿ ಉಳಿಯುವುದು ಯಾವಾಗಲೂ ಪರೀಕ್ಷೆ ಆಗದ ಗುಂಡೇ. 9 ಎಂಎಂ ಕೇಸಿಗೆ ಬೀಳುವ ಮದ್ದು ಸಾಮಾನ್ಯವಾಗಿ ನಾಲ್ಕೈದು ಗ್ರೇನ್. ಒಂದು ಗ್ರೇನ್ ಅಂದರೆ ಸುಮಾರು 65 ಮಿಲಿಗ್ರಾಂ, ಅಷ್ಟೇ. ಬೇಗ ಉರಿಯುವ ಕೆಲವು ಮದ್ದು ತಪ್ಪಿ ಎರಡು ಸಲ ಬಿದ್ದರೂ ಕೇಸಿನ ಒಳಗೇ ಹಿಡಿಸುತ್ತದೆ. ಬುಲೆಟ್ ಕೂರಿಸಿದ ಮೇಲೆ ಹೊರಗಿನಿಂದ ಏನೂ ಗೊತ್ತಾಗುವುದಿಲ್ಲ. ಮದ್ದು ಬೀಳದೇ ಹೋದರೆ ಪ್ರೈಮರ್ (ಮದ್ದಿಗೆ ಕಿಡಿ ಕೊಡುವ ಪುಟ್ಟ ಬಿಲ್ಲೆ) ಒಂದೇ ಸಿಡಿದು ಬುಲೆಟ್ಟನ್ನು ನಳಿಗೆಯ ಮಧ್ಯಕ್ಕೆ ತಳ್ಳಿ ನಿಲ್ಲಿಸುತ್ತದೆ. ರೇಂಜಿನಲ್ಲಾದರೆ ಟಪ್ ಎಂಬ ಸಣ್ಣ ಸದ್ದು ಕೇಳಿ ಕೈ ನಿಲ್ಲಿಸುತ್ತೀರಿ. ಕತ್ತಲಲ್ಲಿ, ಗಾಬರಿಯಲ್ಲಿ, ಅದರ ಹಿಂದೆಯೇ ಇನ್ನೊಂದು ಹಾರಿಸಿದರೆ ನಳಿಗೆ ಉಬ್ಬಬಹುದು, ಸೀಳಬಹುದು. ಫ್ಯಾಕ್ಟರಿಯಲ್ಲೂ ತಪ್ಪು ಆಗುತ್ತದೆ, ಲಾಟ್‌ಗಟ್ಟಲೆ ವಾಪಸ್ ಕರೆಸಿಕೊಂಡದ್ದೂ ಇದೆ. ಆದರೆ ಅಲ್ಲಿ ತೂಕ, ಒತ್ತಡ ನೋಡುವ ಯಂತ್ರಗಳಿವೆ. ಆತ್ಮರಕ್ಷಣೆಗೆಂದೇ ಮಾಡುವ ಒಳ್ಳೆಯ ಗುಂಡುಗಳಲ್ಲಿ ಪ್ರೈಮರ್ ಸುತ್ತ ತೇವ ಇಳಿಯದಂತೆ ಸೀಲ್ ಮಾಡಿರುತ್ತಾರೆ. ಮನೆಯಲ್ಲಿ ಲೋಡ್ ಮಾಡಿದ ಗುಂಡಿನಿಂದ ಗನ್ ಹಾಳಾದರೆ ಬಹುತೇಕ ಕಂಪನಿಗಳ ವಾರಂಟಿಯೂ ಸಿಗುವುದಿಲ್ಲ.

ಬುಲೆಟ್ಟಿನ ಕೆಲಸವನ್ನೂ ಮನೆಯಲ್ಲಿ ಅಳೆಯುವುದು ಕಷ್ಟ. 1986ರ ಏಪ್ರಿಲ್‌ನಲ್ಲಿ ಮಯಾಮಿಯಲ್ಲಿ ನಡೆದ ಕಾದಾಟದಲ್ಲಿ ಇಬ್ಬರು ಎಫ್‌ಬಿಐ ಅಧಿಕಾರಿಗಳು ಸತ್ತರು. ಅವರ ಮೇಲೆ ಗುಂಡು ಹಾರಿಸಿದ ಆರೋಪಿಗೆ ಮೊದಲೇ ತಗುಲಿದ್ದ ಒಂದು 9 ಎಂಎಂ ಬುಲೆಟ್ ಹೃದಯದವರೆಗೆ ಹೋಗದೆ ನಿಂತಿತ್ತು. ಆಮೇಲೆ ಎಫ್‌ಬಿಐ ಜೆಲ್ ಪರೀಕ್ಷೆಯ (ಮೈಯ ಮಾಂಸದ ಬದಲು ಜೆಲ್ಲಿಗೆ ಹಾರಿಸಿ ನೋಡುವುದು) ನಿಯಮ ಮಾಡಿತು. ಬುಲೆಟ್ ಕನಿಷ್ಠ 12 ಇಂಚು ಒಳಹೋಗಬೇಕು, 18 ದಾಟಬಾರದು. ದಪ್ಪ ಬಟ್ಟೆ, ಪ್ಲೈವುಡ್, ಕಾರಿನ ಗಾಜು ದಾಟಿದ ಮೇಲೂ ಲೆಕ್ಕ ಹಾಕುತ್ತಾರೆ. ಹಾಲೋ ಪಾಯಿಂಟ್ ಅರಳುವುದು ಇಂತಿಷ್ಟು ವೇಗದಲ್ಲಿ ಮಾತ್ರ. ಅದೇ ಬುಲೆಟ್ ತಂದು ಕೂರಿಸಿದರೂ ವೇಗ ತಪ್ಪಿದರೆ ಅರಳುವುದಿಲ್ಲ.

ಹಳೆಯ ರಿವಾಲ್ವರ್ ಒಂದೇ ಇದ್ದು, ಅದಕ್ಕೆ ಅಂಗಡಿಯಲ್ಲಿ ಗುಂಡೇ ಸಿಗದಿದ್ದರೆ ಮಾತು ಬೇರೆ. ಆಗಲೂ ನಾನಾದರೆ ರಕ್ಷಣೆಗೆ ಇನ್ನೊಂದು ಗನ್ ಹುಡುಕುತ್ತೇನೆ.

ಖರ್ಚಿನ ಚಿಂತೆ ನ್ಯಾಯವಾದದ್ದೇ. ಒಳ್ಳೆಯ ಗುಂಡು ಒಂದಕ್ಕೆ ಒಂದು ಡಾಲರಿನ ಆಸುಪಾಸು. ಆದರೆ ಅದು ಜಾಸ್ತಿ ಬೇಡ. ಎರಡು ಮೂರು ಡಬ್ಬಿ ನಿಮ್ಮದೇ ಗನ್ನಿನಲ್ಲಿ ಹಾರಿಸಿ, ಸಿಕ್ಕಿಕೊಳ್ಳದೆ ಓಡುತ್ತದೆ ಎಂದು ನೋಡಿ. ಉಳಿದ ಪ್ರಾಕ್ಟೀಸಿಗೆಲ್ಲ ನಿಮ್ಮ ಲೋಡೇ ಸಾಕು. ಬುಲೆಟ್ ತೂಕ, ಹಿಂದೊದೆತ ಎರಡೂ ಫ್ಯಾಕ್ಟರಿ ಗುಂಡಿಗೆ ಹತ್ತಿರ ಇರುವಂತೆ ಹೊಂದಿಸಿಕೊಳ್ಳಿ. ಮನೆಯಲ್ಲಿ ಗುಂಡು ಲೋಡ್ ಮಾಡುವ ನಿಮ್ಮ ಕೆಲಸಕ್ಕೆ ನಿಜವಾದ ಬೆಲೆ ಇರುವುದು ಅಲ್ಲೇ. ನೀವಿರುವ ರಾಜ್ಯದ ಕಾನೂನನ್ನೂ ನೋಡಿಕೊಳ್ಳಿ, ನ್ಯೂಜೆರ್ಸಿಯಲ್ಲಿ ಮನೆಯ ಹೊರಗೆ ಹಾಲೋ ಪಾಯಿಂಟ್‌ಗೆ ನಿರ್ಬಂಧ ಇದೆ.

ತುಂಬಿಟ್ಟ ಗುಂಡಿನ ಡಬ್ಬಿಯನ್ನು ಎಸೆಯಬೇಡಿ. ಲಾಟ್ ನಂಬರ್ ಸಮೇತ, ಒಳಗೆ ಕೆಲವು ಗುಂಡು ಉಳಿಸಿ ಎತ್ತಿಡಿ. ಇನ್ನೊಂದು ವಿಷಯ. ಪ್ರತಿ ಸಲ ಗನ್ ಖಾಲಿ ಮಾಡಿ ಅದೇ ಗುಂಡನ್ನು ಮತ್ತೆ ಮತ್ತೆ ಚೇಂಬರಿಗೆ (ಹಾರುವ ಮುನ್ನ ಗುಂಡು ಕೂರುವ ಜಾಗ) ಹಾಕುತ್ತಿದ್ದರೆ ಬುಲೆಟ್ ಕೇಸಿನೊಳಕ್ಕೆ ಸರಿಯುತ್ತದೆ, ಹಾರುವಾಗ ಒತ್ತಡ ಏರುತ್ತದೆ. ಡಬ್ಬಿಯಲ್ಲಿರುವ ಹೊಸ ಗುಂಡಿನ ಪಕ್ಕ ನಿಲ್ಲಿಸಿ ನೋಡಿ. ಗಿಡ್ಡ ಕಂಡರೆ ಅದನ್ನು ಬಳಸಬೇಡಿ.